ನೆಲ ಕುಟ್ಟದೆ ಕೊಂಡ ಮನೆ

ಮೊನ್ನೆ ಬ್ಯಾಂಕಿನಲ್ಲಿ ಅರ್ಜಿ ತುಂಬುವಾಗ ಅಲ್ಲಿದ್ದ ಹುಡುಗಿ, ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು. ಬ್ರೋಕರ್ ಎಂದರೆ ಸುಳ್ಳಾಗುತ್ತದೆ, ಕಂಟ್ರಾಕ್ಟರ್ ಎಂದರೆ ದೊಡ್ಡ ಮಾತಾಗುತ್ತದೆ. ಬೀಳುವ ಮನೆ ಹುಡುಕುತ್ತಿದ್ದೆ ಕಣಮ್ಮ ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಬಿಸಿನೆಸ್ ಎಂದು ಬರೆದುಕೊಂಡಳು. ಇದ್ದರೂ ಇರಬಹುದು.

ಈಚೆಗೆ ಈ ಕೆಲಸಕ್ಕೆ ಇಳಿದಿರುವ ಕೆಲವು ಹುಡುಗರು ನನ್ನ ಹತ್ತಿರ ಬಂದು, ಹಳೇ ಮನೆ ಕೊಳ್ಳುವಾಗ ಏನೇನು ನೋಡಬೇಕು ಹೇಳಿ ಅನ್ನುತ್ತಾರೆ. ನನಗೆ ಗೊತ್ತಿದ್ದರೆ ತಾನೆ ಹೇಳುವುದು. ತುಮಕೂರು, ಗುಬ್ಬಿ, ಕುಣಿಗಲ್ ಬೀದಿಗಳಲ್ಲಿ ಚಪ್ಪಲಿ ಸವೆಸಿದ್ದಷ್ಟೇ ಬಂತು. ಪ್ರತಿ ಮನೆಯೂ ನನಗೆ ಗೊತ್ತಿದ್ದ ಒಂದನ್ನು ಸುಳ್ಳು ಮಾಡಿ, ಗೊತ್ತಿಲ್ಲದ ಇನ್ನೊಂದನ್ನು ತಲೆಗೆ ಕಟ್ಟಿತು. ಆದ್ದರಿಂದ ಇದನ್ನು ಬುದ್ಧಿಮಾತು ಅಂದುಕೊಳ್ಳಬೇಡಿ. ಗೊಂದಲಗಳನ್ನು ಬಂದ ಹಾಗೆ ಬರೆಯುತ್ತಿದ್ದೇನೆ.

ನನ್ನನ್ನು ಇದಕ್ಕೆ ಹಚ್ಚಿದವರು ತುಮಕೂರಿನ ಮರುಳಪ್ಪನವರು. ಕೊಬ್ಬರಿ ವ್ಯಾಪಾರದಲ್ಲಿ ಬಂದದ್ದನ್ನು ಹಳೇ ಮನೆಗಳಿಗೆ ಹಾಕುತ್ತಿದ್ದರು. ಪಾಳು ಬಿದ್ದ ಮನೆ ಕೊಳ್ಳುವುದು, ರಿಪೇರಿ ಮಾಡಿಸುವುದು, ಬಾಡಿಗೆಗೆ ಬಿಡುವುದು ಇಲ್ಲವೇ ಮಾರುವುದು. ಹುಡುಕಿ ತರುವುದು ನನ್ನ ಪಾಲಿನ ಕೆಲಸ. ಎಪ್ಪತ್ತರ ದಶಕದ ಶುರುವಿನಲ್ಲಿ ಸೇರಿಕೊಂಡಾಗ ಅವರು ನನ್ನ ಕೈಗೆ ಒಂದು ಹೊಂಗೆ ಕೋಲು ಕೊಟ್ಟು, ಇದೇ ನಿನ್ನ ಡಿಗ್ರಿ ಅಂದರು. ಗೋಡೆ, ನೆಲ ಕುಟ್ಟಿದರೆ ಗಟ್ಟಿ ಸದ್ದು ಬರಬೇಕು, ತೊಲೆ ಕುಟ್ಟಿದರೆ ಗಣ್ ಅನ್ನಬೇಕು. ತೊಲೆ ಡಬ್ ಅಂದರೆ ಒಳಗೆ ಗೆದ್ದಲು ಊಟ ಮುಗಿಸಿ ಕೈ ತೊಳೆದುಕೊಂಡಿದೆ ಎಂದು ಅರ್ಥ. ಮನೆಗೆ ಹೋದವನು ಮೊದಲು ಕುಡಿಯಲು ನೀರು ಕೇಳಬೇಕು. ನೀರು ಒಳಗಿನಿಂದ ಬೇಗ ಬಂದರೆ ಬಾವಿ ಇದೆ, ತಡವಾದರೆ ಪಕ್ಕದ ಮನೆಯಿಂದ ತರುತ್ತಿದ್ದಾರೆ. ಇಷ್ಟು ಪಾಠ ಚೆನ್ನಾಗಿಯೇ ಇತ್ತು. ಆಮೇಲೆ ಅವರು ಎರಡು ಮಾತು ಹೇಳಿದರು. ಅಗ್ಗಕ್ಕೆ ಸಿಕ್ಕಿದರೆ ಬಿಡಬೇಡ. ಅಗ್ಗಕ್ಕೆ ಸಿಕ್ಕಿದರೆ ಮುಟ್ಟಬೇಡ. ಯಾವ ಮಾತು ಯಾವಾಗ ಎಂದು ಕೇಳಿದ್ದಕ್ಕೆ, ಅಷ್ಟೂ ತಿಳಿಯದಿದ್ದರೆ ನಿನಗೆ ಸಂಬಳ ಯಾಕೆ ಎಂದು ಗದರಿಸಿದರು.

ಕುಣಿಗಲ್‌ನಲ್ಲಿ ಮೊದಲ ಏಟು ಬಿತ್ತು. ಬೇಸಿಗೆಯಲ್ಲಿ ಒಂದು ಮನೆ ನೋಡಿದೆ. ಕೆರೆಯ ಕೆಳಗಿನ ಬೀದಿ, ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ತಂಪು. ತೊಲೆಗಳೆಲ್ಲ ಗಣ್ ಅಂದವು. ಕೊಂಡು, ಹೆಂಚು ಹೊದಿಸಿ, ಸುಣ್ಣ ಬಳಿದು, ಒಬ್ಬ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟೆವು. ಮಳೆಗಾಲದಲ್ಲಿ ಕೆರೆ ತುಂಬಿತು ನೋಡಿ, ನಡುಮನೆಯ ನೆಲದಿಂದ ನೀರು ಜಿನುಗತೊಡಗಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡೇ ತುಮಕೂರಿಗೆ ಬಂದು, ಬಾಡಿಗೆ ಕೊಡಲೋ ಇಲ್ಲ ಮೀನು ಬಿಡಲೋ ಎಂದು ನಮ್ಮ ಯಜಮಾನರಾದ ಮರುಳಪ್ಪನವರನ್ನು ಕೇಳಿದರು. ಅವರು ಹೋದ ಮೇಲೆ ನನ್ನ ಸರದಿ.

"ನೀನು ನೋಡ್ದಾಗ ನೀರಿತ್ತೇನ್ಲಾ?" ಎಂದರು ಯಜಮಾನರು.

ಇರಲಿಲ್ಲ ಎಂದೆ.

"ಯಾಕಿಲ್ಲ ಅಂತ ಕೇಳ್ದೇನ್ಲಾ?"

ಇಲ್ಲದ ನೀರು ಯಾಕಿಲ್ಲ ಎಂದು ಯಾರನ್ನು ಕೇಳುವುದು? ಆಗ ನನಗೆ ಅದು ಹುಚ್ಚು ಪ್ರಶ್ನೆಯಂತೆ ಕಂಡಿತು.

ತುಮಕೂರಿನಲ್ಲೇ ಇನ್ನೊಂದು ಮನೆಯ ಜಗಲಿಗೆ ಗೋಡೆ ಎತ್ತಿ, ಬಾಡಿಗೆಗೆಂದು ಪುಟ್ಟ ರೂಮು ಮಾಡಿಸಿದೆ. ಜಾಗ ಉಳಿಸಿದೆ ಎಂದು ಬೀಗುತ್ತಿದ್ದೆ. ಆ ಜಗಲಿಯಲ್ಲಿ ದಿನಾ ಸಂಜೆ ಕೂರುತ್ತಿದ್ದ ಬೀದಿಯ ಹಿರಿಯರು ಗೋಡೆ ಎದ್ದ ಮೇಲೂ ಬರುವುದನ್ನು ಬಿಡಲಿಲ್ಲ. ಗೋಡೆಯ ಮುಂದೆ ಸಾಲಾಗಿ ನಿಂತು ಹರಟೆ ಹೊಡೆದು ಹೋಗುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ಒಳಗಿದ್ದ ಬಾಡಿಗೆಯವನು ನಾಚಿಕೆ ತಡೆಯಲಾರದೆ ಮನೆ ಬಿಟ್ಟ. ಗೋಡೆ ಕೆಡವಿದೆವು. ಮನೆ ನಮ್ಮದಂತೆ, ಜಗಲಿ ಬೀದಿಯದಂತೆ. ಅದನ್ನು ಯಾರು ಯಾವಾಗ ತೀರ್ಮಾನ ಮಾಡಿದರೋ ನನಗೆ ಗೊತ್ತಾಗಲಿಲ್ಲ.

ಈ ರಿಪೇರಿಗಳಿಗೆಲ್ಲ ಮೇಸ್ತ್ರಿ ನಮ್ಮ ಪೀರ್‌ಸಾಬರು. ಗಾರೆ ಕೆಲಸದಲ್ಲಿ ಕೈ ಬಂಗಾರ, ಮಾತಿನಲ್ಲಿ ಮೊಂಡು. ಹಳೇ ಮನೆಯ ಯಾವ ಕಾಯಿಲೆಗೂ ಅವರಲ್ಲಿ ಒಂದೇ ಕಾರಣವಿತ್ತು, ಹೆಗ್ಗಣ. ಗೋಡೆ ಬಿರುಕು ಬಿಟ್ಟರೂ ಹೆಗ್ಗಣ, ಸೂರು ಸೋರಿದರೂ ಹೆಗ್ಗಣ. ಕುಣಿಗಲ್ ಮನೆಯ ನೀರನ್ನೂ ಕೆರೆಯಿಂದ ಹೆಗ್ಗಣವೇ ದಾರಿ ಮಾಡಿ ಕರೆದುಕೊಂಡು ಬಂತು ಎಂದು ವಾದಿಸಿದ್ದರು.

ಹೀಗೆ ಊರವರ ಮನೆಗಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ನಾನು ಇದ್ದದ್ದು ತುಮಕೂರಿನ ಒಂದು ವಠಾರದಲ್ಲಿ. ಒಂದೇ ನಲ್ಲಿ, ಒಂದೇ ಬಚ್ಚಲು. ನನ್ನ ಹೆಂಡತಿ ಜಯಮ್ಮ ಕೋರ ಎಂಬ ಹಳ್ಳಿಯವಳು, ವಿಶಾಲವಾದ ಹಿತ್ತಲಿನಲ್ಲಿ ಬೆಳೆದವಳು. ಅವಳು ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ನಾನು ಹಾಕಿದ ಬಾಗಿಲನ್ನು ನಾನೇ ತೆಗೆಯಬೇಕು, ಅಂಥದ್ದೊಂದು ಮನೆ ಬೇಕು ಅಂದಳು. ಊರಿಗೆಲ್ಲ ಮನೆ ಹುಡುಕಿ ಕೊಡುವವನ ಹೆಂಡತಿ ನಲ್ಲಿಯ ಮುಂದೆ ಕೊಡ ಹಿಡಿದು ಕಾಯುವುದು ನನಗೂ ಅವಮಾನವಾಗಿತ್ತು. ಯಜಮಾನರಿಗೆ ಹೇಳಿದೆ. ಅವರು ಸಹಾಯ ಮಾಡುತ್ತೇನೆಂದು ಒಪ್ಪಿದರು. ತುಮಕೂರಿನಲ್ಲಿ ನಮ್ಮ ಯೋಗ್ಯತೆಗೆ ಎಟುಕುವುದು ಇರಲಿಲ್ಲ. ಗುಬ್ಬಿಗೆ ಹೊರಟೆ.

ಗುಬ್ಬಿಯಲ್ಲಿ ಹಿಂದೆಂದೂ ಆಗದ್ದು ಆಯಿತು. ನಾನು ಬೀದಿಗೆ ಕಾಲಿಟ್ಟರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಅರ್ಧ ಸೂರು ಬಿದ್ದ ಮನೆಯ ಮುಂದೆ ನಿಂತು ಇದು ಕೊಡುತ್ತಾರಾ ಎಂದು ಕೇಳಿದರೆ, ಇಲ್ಲಿ ಹಳೇ ಮನೆಯೇ ಇಲ್ಲ ಅನ್ನುತ್ತಿದ್ದರು. ನೀರು ಕೇಳಿದರೆ ಹೋಟೆಲ್ ತೋರಿಸುತ್ತಿದ್ದರು. ಕೋಲಿನಿಂದ ಒಂದು ಗೋಡೆ ಕುಟ್ಟಿದ್ದೇ ತಡ, ಒಳಗೆ ಪಾತ್ರೆ ಸರಿಸುವ ಸದ್ದು, ಪಿಸಿಪಿಸಿ ಮಾತು. ನನ್ನ ಮುಖದಲ್ಲೇನಾದರೂ ಕೆಟ್ಟ ಕಳೆ ಬಂದಿದೆಯಾ ಎಂದು ಜಯಮ್ಮನನ್ನು ಕೇಳಿದೆ. ಮೊದಲಿನಿಂದ ಹಾಗೇ ಇದೆ ಎಂದಳು.

ಕೊನೆಗೆ ಬಸ್‌ಸ್ಟ್ಯಾಂಡಿನ ಕ್ಷೌರದಂಗಡಿಯವನು ಗುಟ್ಟು ಬಿಟ್ಟ. ಅದು ಲೆವಿಯ ಕಾಲ. ಬೆಳೆದವರು ಇಂತಿಷ್ಟು ಧಾನ್ಯವನ್ನು ಸರ್ಕಾರಕ್ಕೆ ಕೊಡಲೇಬೇಕಿತ್ತು. ಬಚ್ಚಿಟ್ಟಿದ್ದಾರೆಂದು ಗುಮಾನಿ ಬಂದರೆ ಮನೆಗೆ ಬಂದು ಹುಡುಕುತ್ತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಟೇಪು, ಗೋಡೆ ಕುಟ್ಟುವ ಕೋಲು. ನನ್ನನ್ನು ಕಂಡವರೆಲ್ಲ ಲೆವಿಯವನು ಬಂದ ಅಂದುಕೊಂಡಿದ್ದರು. ನಾನಲ್ಲಪ್ಪ ಎಂದರೆ, ಅವರೂ ಹಾಗೇ ಅಂತಾರೆ ಅಂದ ಕ್ಷೌರಿಕ. ನಾನು ಕೋಲನ್ನು ಅವನ ಅಂಗಡಿಯಲ್ಲೇ ಬಿಟ್ಟೆ. ಆವತ್ತಿನಿಂದ ಕೈಯ ಗೆಣ್ಣಿನಲ್ಲಿ, ಮೆಲ್ಲಗೆ, ಗೋಡೆಗೆ ಒರಗಿಕೊಂಡವನ ಹಾಗೆ ಕುಟ್ಟುತ್ತಿದ್ದೆ. ನೆಲ ಕುಟ್ಟುವುದನ್ನಂತೂ ಪೂರ್ತಿ ನಿಲ್ಲಿಸಿದೆ, ಬಗ್ಗಿ ನೆಲ ಕುಟ್ಟುವವನನ್ನು ಯಾರು ತಾನೆ ನಂಬುತ್ತಾರೆ.

ಆಗ ಸಿಕ್ಕಿದವರು ನಂಜುಂಡಪ್ಪನವರು. ತಾವಾಗಿಯೇ ಬಂದು, ಮನೆ ಇದೆ ನೋಡ್ತೀರಾ ಎಂದರು. ಅಣ್ಣತಮ್ಮಂದಿರ ಸಂಸಾರಗಳಿಗೆ ಪಾಲಾದ ದೊಡ್ಡ ಮನೆ. ನಡುವೆ ಒಂದು ಮಣ್ಣಿನ ಗೋಡೆ ಎದ್ದಿತ್ತು. ಈ ಕಡೆಯ ಅರ್ಧ ಇವರದು. ಆ ಕಡೆಯ ಅರ್ಧದಲ್ಲಿ ತೀರಿಹೋದ ಅಣ್ಣನ ಹೆಂಡತಿ ಪುಟ್ಟಮ್ಮ ಒಬ್ಬರೇ ಇದ್ದರು. ಕಂಬ, ತೊಲೆ ಎಲ್ಲ ಹಳೇ ತೇಗ. ಹಿಂದಿನ ಕೋಣೆಯ ಹೊರಗೋಡೆ ಕುಸಿದಿತ್ತು, ಸೂರಿನ ಒಂದು ಮೂಲೆ ಬಿದ್ದಿತ್ತು, ಅಷ್ಟೆ. ನಂಜುಂಡಪ್ಪನವರು ಹೇಳಿದ ಬೆಲೆಯನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಅಷ್ಟು ಅಗ್ಗ. ಯಜಮಾನರ ಎರಡು ಮಾತೂ ಒಟ್ಟಿಗೆ ಕಿವಿಯಲ್ಲಿ ಕೂಗಿದವು. ನಾನು ಮೊದಲನೆಯದನ್ನು ಕೇಳಿಸಿಕೊಂಡೆ. ನಂಜುಂಡಪ್ಪನವರು ಗಂಟು ಮೂಟೆ ಕಟ್ಟಿ ಚೇಳೂರಿನ ಮಗಳ ಮನೆಗೆ ಹೊರಟುಹೋದರು. ಹೋಗುವಾಗ ಹಿಂದಿನ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ.

ಜಯಮ್ಮ ಆ ವಾರವೇ ವಠಾರದ ಮಾಲೀಕರಿಗೆ ಮನೆ ಬಿಡುತ್ತೇವೆಂದು ಹೇಳಿಬಿಟ್ಟಳು. ಅವರು ಬೇರೆಯವರಿಂದ ಮುಂಗಡವನ್ನೂ ಇಸಕೊಂಡರು. ಆಷಾಢ ಕಾಲಿಟ್ಟರೆ ಹೊಸ ಮನೆಗೆ ಹಾಲುಕ್ಕಿಸುವಂತಿಲ್ಲ. ಅಷ್ಟರೊಳಗೆ ಮನೆ ಎದ್ದು ನಿಲ್ಲಬೇಕು, ಇಲ್ಲವಾದರೆ ನಾವು ಬೀದಿಯಲ್ಲಿ. ಪೀರ್‌ಸಾಬರನ್ನು ಕರೆದುಕೊಂಡು ಬಂದು ಕೆಲಸ ಹಚ್ಚಿದೆ. ಸಿಮೆಂಟು ಪರ್ಮಿಟ್ ಮೇಲೆ ಸಿಗುತ್ತಿದ್ದ ಕಾಲ, ನಮಗೆ ಯಾರು ಕೊಡುತ್ತಾರೆ. ಸುಣ್ಣ ಅರೆಸಿ, ಬೆಲ್ಲದ ನೀರು ಬೆರೆಸಿ ಗಾರೆ ಮಾಡಿಸಿದೆ. ಗೋಡೆ ಎದ್ದಿತು, ಸೂರು ಕೂತಿತು. ಹಿಂದಿನ ಕೋಣೆಯ ನೆಲ ಅಗೆದು, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಕೆಂಪು ಕಾವಿ ನೆಲ ಮಾಡುವುದೊಂದು ಉಳಿಯಿತು.

ಪುಟ್ಟಮ್ಮ ಮೊದಲ ದಿನದಿಂದಲೂ ನನ್ನನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಆಳುಗಳು ಆ ಕೋಣೆಗೆ ಹಾರೆ ತೆಗೆದುಕೊಂಡು ಹೋದ ದಿನ ಒಂದು ಚೆಂಬು ಮಜ್ಜಿಗೆ ಹಿಡಿದು ಬಂದರು. ಆ ಮೂಲೆಯಲ್ಲಿ ಮುನಿಯಪ್ಪ ಇದ್ದಾನೆ, ಹಾರೆ ಹಾಕಬೇಡಿ ಅಂದರು. ಆಳುಗಳು ಹಾರೆ ಕೆಳಗಿಟ್ಟರು. ನಾನು ಕಾಯಿ, ನಿಂಬೆಹಣ್ಣು ತಂದು ಪೂಜೆ ಮಾಡಿಸಿದೆ. ಮಾರನೆಯ ದಿನ ಮತ್ತೆ ಬಂದರು. ಅದು ನಾಗಪ್ಪ ಓಡಾಡುವ ಜಾಗ ಅಂದರು. ಹಾಗಾದರೆ ಮುನಿಯಪ್ಪ ಎಲ್ಲಿಗೆ ಹೋದ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹಾಲೆರೆಸಿದೆ. ಒಂದೊಂದು ದೇವರಿಗೂ ಒಂದೊಂದು ದಿನ ಹೋಯಿತು.

ಬೀದಿಯಲ್ಲಿ ವಿಚಾರಿಸಿದೆ. ಎದುರು ಮನೆಯವರು ಮುನಿಯಪ್ಪ ಇದ್ದರೂ ಇರಬಹುದು ಅಂದರು. ಟೈಲರ್ ನನಗೇನೂ ಗೊತ್ತಿಲ್ಲ ಎಂದು ಮಿಷನ್ ಜೋರಾಗಿ ತುಳಿದ. ಪೀರ್‌ಸಾಬರು ಹೆಗ್ಗಣ ಅಂದರು. ನನಗೆ ಬೇರೆಯೇ ಅನುಮಾನ. ಪಾಲಿನ ಮನೆಗಳಲ್ಲಿ ಗೋಡೆಯನ್ನು ಒಂದು ಗೇಣು ಆಚೆ ಈಚೆ ಸರಿಸುವ ಆಟ ಸಾಮಾನ್ಯ. ಈಯಮ್ಮ ಹೆದರಿಸಿ, ಬೆದರಿಸಿ, ನನ್ನ ಕೋಣೆಯ ಮೂಲೆಯನ್ನು ಹೊಡೆಯಲು ನೋಡುತ್ತಿದ್ದಾರೆ ಅಂದುಕೊಂಡೆ.

ಮೂರನೆಯ ದಿನ ಅವರು ಮಜ್ಜಿಗೆ ತರಲಿಲ್ಲ. ಬಾಗಿಲಲ್ಲೇ ನಿಂತು, ನಮ್ಮ ಯಜಮಾನರು ಅಲ್ಲೇ ಹೋದರು ಎಂದರು. ದನಿ ಮೆತ್ತಗಿತ್ತು. ನನಗೆ ಆಷಾಢದ ಅವಸರ, ತಡೆಯಲಾಗದೆ ನಕ್ಕುಬಿಟ್ಟೆ.

"ಮುನಿಯಪ್ಪ ಆಯ್ತು, ನಾಗಪ್ಪ ಆಯ್ತು, ಈಗ ಯಜಮಾನ್ರಾ? ನಾಳೆ ಯಾರಮ್ಮ?" ಎಂದೆ.

ಅವರು ತಮ್ಮ ಪಾಲಿನ ಕಡೆಗೆ ತಿರುಗಿ ಹೋದರು.

ಮರುದಿನ ಜಯಮ್ಮ ಬೆಳಗಿನ ಬಸ್ಸಿಗೆ ಗುಬ್ಬಿಗೆ ಬಂದಳು. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಒಲೆ ಎಲ್ಲಿ ಹೂಡಬೇಕು ಎಂದು ಮನೆಯೆಲ್ಲ ಸುತ್ತಿ ನೋಡಿ, ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಪೀರ್‌ಸಾಬರು ಆ ಮೂಲೆಗೆ ಹಾರೆ ಹಾಕಿದರು. ಎರಡನೆಯ ಏಟಿಗೆ ಹಾರೆ ಅವರ ಕೈ ಜಾರಿ ಸರ್ರನೆ ಒಳಗೆ ಹೋಯಿತು. ಮಣ್ಣು ಕುಸಿದು, ಒಬ್ಬ ಮನುಷ್ಯ ಹಿಡಿಸುವಷ್ಟು ತೂತಾಯಿತು. ಹಾರೆ ಕೆಳಗೆ ಬಿದ್ದ ಸದ್ದು ಬರಲಿಲ್ಲ, ಮೆತ್ತನೆಯದರ ಮೇಲೆ ಬಿದ್ದಂತಿತ್ತು. ಒಳಗಿನಿಂದ ಹುಳಿ ನಾತ, ಬಿಸಿ. ಎಷ್ಟು ದೊಡ್ಡ ಹೆಗ್ಗಣ ನೋಡಿ ಎಂದರು ಪೀರ್‌ಸಾಬರು.

ನನಗೆ ಹೆದರಿಕೆಗಿಂತ ಕುತೂಹಲ ಹೆಚ್ಚಾಯಿತು. ನೆಲಮಾಳಿಗೆ ಇದ್ದರೂ ಇದ್ದೀತು, ಈ ಬೆಲೆಗೆ ಅದೂ ಬಂತಲ್ಲ ಎಂಬ ಆಸೆ. ಹಾರೆಯನ್ನಾದರೂ ತರಬೇಕಲ್ಲ. ಅಂಗಿ ಮೇಲೆತ್ತಿಕೊಂಡು ತೂತಿನ ಅಂಚಿನಲ್ಲಿ ಕೂತು ಎರಡೂ ಕಾಲು ಇಳಿಬಿಟ್ಟೆ. ಜಯಮ್ಮ, ರೀ, ಆಳ ಎಷ್ಟಿದೆಯೋ ಎಂದಳು. ಅಷ್ಟರಲ್ಲಿ ಯಾರೋ ಹಿಂದಿನಿಂದ ನನ್ನ ಕತ್ತುಪಟ್ಟಿ ಹಿಡಿದು ಎಳೆದರು. ಅಂಗಿ ಹರಿಯಿತು. ತಿರುಗಿ ನೋಡಿದರೆ ಪುಟ್ಟಮ್ಮ, ತಲೆ ಮೇಲಿನ ಸೆರಗು ಜಾರಿದೆ, ಏದುಸಿರು ಬಿಡುತ್ತಿದ್ದಾರೆ.

"ಇಳೀಬ್ಯಾಡ ಕಣಪ್ಪ. ಮುನಿಯಪ್ಪನೂ ಇಲ್ಲ, ಹಾವೂ ಇಲ್ಲ. ಅದು ಹಗೇವು. ನಮ್ಮೆಜಮಾನ್ರು ಇಳ್ದೋರು ಮ್ಯಾಲಕ್ಕೆ ಬರ್ಲಿಲ್ಲ."

ಹಗೇವು ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಳಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುವುದಿಲ್ಲ. ಹೀಗೆಂದು ನನಗೂ ಗೊತ್ತಿತ್ತು. ಹೊಲದ ಹತ್ತಿರ, ಬೀದಿ ಬದಿಯಲ್ಲಿ ನೋಡಿದ್ದೆ. ಕೋಣೆಯೊಳಗೆ, ಅದೂ ಎರಡು ಪಾಲುಗಳ ನಡುವೆ ಇರಬಹುದೆಂದು ಹೊಳೆದಿರಲಿಲ್ಲ.

ಪುಟ್ಟಮ್ಮ ತಮ್ಮ ಮನೆಗೆ ಹೋಗಿ ಒಂದು ಚಿಕ್ಕ ಮಡಕೆಯಲ್ಲಿ ಹಣತೆ ಹಚ್ಚಿಟ್ಟುಕೊಂಡು ಬಂದರು. ಮಡಕೆಯ ಕತ್ತಿಗೆ ಹಗ್ಗ ಕಟ್ಟಿ ತೂತಿನೊಳಗೆ ಬಿಟ್ಟರು. ನಾವೆಲ್ಲ ಬಗ್ಗಿ ನೋಡಿದೆವು. ನನ್ನ ಕಾಲು ಇಳಿಬಿದ್ದಿದ್ದಷ್ಟು ಆಳಕ್ಕೂ ಹೋಗಲಿಲ್ಲ, ದೀಪ ಸಣ್ಣಗಾಗಿ ಆರಿತು. ಮೇಲೆತ್ತಿ ಹಚ್ಚಿ ಮತ್ತೆ ಬಿಟ್ಟರು. ಮತ್ತೆ ಆರಿತು. ಜಯಮ್ಮ ನನ್ನ ಹರಿದ ಅಂಗಿಯನ್ನು ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಪೀರ್‌ಸಾಬರು ಹೆಗ್ಗಣದ ಮಾತೆತ್ತಲಿಲ್ಲ.

ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು ಪುಟ್ಟಮ್ಮ ಎಲ್ಲ ಹೇಳಿದರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಇಳಿಯಬೇಕು. ಅವರ ಯಜಮಾನರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆವತ್ತು ಬೀಗರು ಬಂದು ಕೂತಿದ್ದರು, ಮನೆಯಲ್ಲಿ ರಾಗಿ ಮುಗಿದಿತ್ತು, ಬೇಗ ಒಂದು ಚೀಲ ತೆಗೆದುಬಿಡೋಣ ಎಂದು ಇಳಿದರು. ಮೇಲೆ ಹಗ್ಗ ಹಿಡಿದು ನಿಂತಿದ್ದವರು ತಮ್ಮ, ಅದೇ ನಂಜುಂಡಪ್ಪನವರು. ಹಗ್ಗ ಅಲ್ಲಾಡುವುದು ನಿಂತಿತು. ಹೆಣ ತೆಗೆದ ಮೇಲೆ ಆ ರಾಗಿಯನ್ನು ಯಾರೂ ಮುಟ್ಟಲಿಲ್ಲ. ಬಾಯಿಗೆ ಚಪ್ಪಡಿ ಎಳೆದು, ಮೇಲೆ ಒರಳುಕಲ್ಲು ಕೂರಿಸಿದರು. ಪಾಲಾದಾಗ ಗೋಡೆ ಅದರ ಮಗ್ಗುಲಲ್ಲೇ ಎದ್ದಿತು. ಹಗೇವಿನ ಬಾಯಿ ಪುಟ್ಟಮ್ಮನ ಕಡೆ ಬಂತು, ಹೊಟ್ಟೆ ನಮ್ಮ ಕೋಣೆಯ ಕೆಳಗೆ ಉಳಿಯಿತು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹಗೇವು ಅಂದಿದ್ದರೆ ನೀನು ಲೆವಿಯವನು, ರಾಗಿ ತೆಗೆಯಲು ಯಾರನ್ನಾದರೂ ಇಳಿಸುತ್ತಿದ್ದೆ ಅಂದರು. ರಾಗಿ ಹೋದರೆ ಹೋಗಲಿ, ಇನ್ನೊಬ್ಬಳ ತಾಳಿ ಆ ಗುಳಿಗೆ ಹೋಗುವುದು ಬೇಡವಾಗಿತ್ತು. ದೇವರ ಹೆಸರು ಹೇಳಿದರೆ ಹೆದರಿ ಬಿಡುತ್ತಾರೆ ಎಂದು ನೋಡಿದರಂತೆ.

"ಮೂರ್ನೇ ದಿನ ನಿಜಾನೇ ಹೇಳಕ್ಕೆ ಬಂದೆ," ಎಂದರು ಪುಟ್ಟಮ್ಮ. "ನೀನು ನಕ್ಬುಟ್ಟೆ."



ಅಲ್ಲಿಂದ ಮೇಲೆ ಏನು ಮಾಡಬೇಕೆಂದು ನನಗೆ ತೋಚದೇ ಹೋಯಿತು. ಸಿಟ್ಟಿನಲ್ಲಿ ಚೇಳೂರಿಗೆ ಹೋದೆ. ನಂಜುಂಡಪ್ಪನವರು ಮಗಳ ಮನೆಯ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಬೈಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಅವರ ಮುಖ ನೋಡಿ ಮರೆತುಹೋಯಿತು. ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದೆ.

"ನೀವು ಗೋಡೆ ಕುಟ್ಟುದ್ರಿ, ತೊಲೆ ಕುಟ್ಟುದ್ರಿ," ಎಂದರು ಅವರು. "ನೆಲ ಕುಟ್ಟಿದ್ರೆ ಹೇಳ್ಬುಡ್ತಿದ್ದೆ. ಕುಟ್ಲಿ ಅಂತ್ಲೇ ಕಾಯ್ತಿದ್ದೆ."

ತಟ್ಟೆ ತುಂಬಿದ ಮೇಲೂ ಅಡಿಕೆ ಕತ್ತರಿಸುತ್ತಲೇ ಇದ್ದರು. ಮನೆ ವಾಪಸ್ ತೆಗೆದುಕೊಳ್ಳಿ ಎಂದು ಕೇಳಲು ಹೋದವನು ಒಂದು ಲೋಟ ಕಾಫಿ ಕುಡಿದು ಬಂದೆ. ಅವರು ಮೋಸಗಾರರೋ, ಹಗ್ಗ ಹಿಡಿದ ಕೈಯನ್ನು ತೊಳೆದುಕೊಳ್ಳಲಾರದೆ ಓಡಿಬಂದವರೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪೀರ್‌ಸಾಬರು, ಸಾವಾದ ಜಾಗ, ಬೇಡ ಅಂದರು. ಮರುಳಪ್ಪನವರು ಇನ್ನೂ ಸುಲಭದ ದಾರಿ ಹೇಳಿದರು. ತೂತು ಮುಚ್ಚಿ, ಮೇಲೆ ಕಾವಿ ಎಳೆದು, ಯಾರಿಗಾದರೂ ದಾಟಿಸಿಬಿಡು. ನಂಜುಂಡಪ್ಪ ಮಾಡಿದ್ದೂ ಅದನ್ನೇ ಅಲ್ಲವಾ ಎಂದೆ. ವ್ಯಾಪಾರ ಅಂದರೆ ಅದೇ ಕಣಯ್ಯ ಅಂದರು. ವಠಾರದಲ್ಲಿ ನಮ್ಮ ರೂಮಿಗೆ ಬರುವವರು ಆಗಲೇ ಬಂದು ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕೆಂದು ನೋಡಿಕೊಂಡು ಹೋಗಿದ್ದರು. ಅಮಾವಾಸ್ಯೆ ಕಳೆದರೆ ಆಷಾಢ. ಜಯಮ್ಮ ಕೇಳಿದ್ದು ಒಂದೇ ಒಂದು ಮನೆ. ಅದು ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು. ನೀನೇ ಹೇಳು, ಏನು ಮಾಡಲಿ ಎಂದೆ.

"ಆಯಮ್ಮ ಇಷ್ಟು ವರ್ಷ ಆ ಗೋಡೆ ಪಕ್ಕ ಒಬ್ಳೇ ಮಲ್ಗವ್ಳೆ," ಎಂದಳು ಜಯಮ್ಮ. "ನಾವಿಬ್ರಿದೀವಿ, ಮಲ್ಗಕ್ಕಾಗಲ್ವಾ?"

ಹಗೇವನ್ನು ತುಂಬಿಬಿಡುವುದೆಂದು ತೀರ್ಮಾನವಾಯಿತು. ರಾಗಿಯ ಮಾತು ಬಂದಾಗ ಬೀದಿಯ ಹಿರಿಯರಲ್ಲಿ ದೊಡ್ಡ ಚರ್ಚೆ. ಬಾಯಿ ಇದ್ದವರಿಗೆ ರಾಗಿ ಎಂದು ಕೆಲವರು, ಹೊಟ್ಟೆ ಇದ್ದವರಿಗೆ ಎಂದು ಕೆಲವರು. ಯಾರೂ ತಿನ್ನದ ರಾಗಿಗೆ ಯಾಕಿಷ್ಟು ವಾದ ಎಂದು ಪುಟ್ಟಮ್ಮ ಕೇಳಿದ ಮೇಲೆ ಸುಮ್ಮನಾದರು. ಅದನ್ನು ಹಾಗೇ ಬಿಟ್ಟು, ಕುಸಿದ ಹಳೇ ಗೋಡೆಯ ಮಣ್ಣನ್ನು ಮಂಕರಿಗಳಲ್ಲಿ ತಂದು ಸುರಿಯಲು ನಿಂತೆವು. ಪುಟ್ಟಮ್ಮ, ತಡೀರಿ ಅಂದರು. ಮುಂದೆ ಬಂದು ಬಗ್ಗಿ, ಮಣ್ಣು ಕೊಡುವ ಹಾಗೆ ಮೂರು ಹಿಡಿ ಹಾಕಿದರು. ಅವರ ಹಿಂದೆ ಜಯಮ್ಮ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಟೈಲರ್ ಬಂದು ಹಾಕಿದ. ಏನೂ ಗೊತ್ತಿಲ್ಲ ಎಂದಿದ್ದ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದರು. ಪೀರ್‌ಸಾಬರೂ ಟೊಪ್ಪಿ ಸರಿಮಾಡಿಕೊಂಡು ಮೂರು ಹಿಡಿ ಹಾಕಿ, ಆಮೇಲೆ ದಿಮ್ಮಸು ಎತ್ತಿಕೊಂಡರು.

ಕಾವಿ ನೆಲ ಒಣಗುವ ಮೊದಲೇ ಹಾಲುಕ್ಕಿಸಬೇಕಾಯಿತು. ಬಂದವರ ಕಾಲಿಗೆಲ್ಲ ಕೆಂಪು ಮೆತ್ತಿ, ಬೀದಿಯುದ್ದಕ್ಕೂ ಹೆಜ್ಜೆ ಮೂಡಿತ್ತು. ಆ ಮೂಲೆಗೆ ಮಾತ್ರ ಕಾವಿ ಎಳೆಯಲಿಲ್ಲ, ಒಂದು ಸಣ್ಣ ಚಪ್ಪಡಿ ಹಾಸಿದೆವು. ಅದು ಪುಟ್ಟಮ್ಮ ಕೇಳಿಕೊಂಡದ್ದು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡಬೇಕಲ್ಲ. ಅಷ್ಟು ವರ್ಷವೂ ಅವರು ಗೋಡೆಯ ಆ ಕಡೆ, ಒರಳುಕಲ್ಲಿನ ಹತ್ತಿರ ಇಡುತ್ತಿದ್ದರು. ತಮ್ಮ ಯಜಮಾನರು ಕೊನೆಯುಸಿರೆಳೆದದ್ದು ಈ ಕಡೆ ಎಂಬುದು ಅವರ ಮನಸ್ಸಿನಲ್ಲಿತ್ತು. ಮೊದಲ ವರ್ಷ ಬೀದಿಯಲ್ಲಿ ಸುತ್ತಿಕೊಂಡು ಎಡೆ ತಂದರು. ಅನ್ನ, ಹುಳಿ, ಕಡುಬು, ಒಂದು ಹೊಸ ಪಂಚೆ. ಎಡೆ ಹಿಡಿದುಕೊಂಡು ಬೀದಿ ಸುತ್ತುವುದೇನು ಚೆಂದ ಎಂದು ಜಯಮ್ಮ ತಕರಾರು ತೆಗೆದಳು. ಪೀರ್‌ಸಾಬರನ್ನು ಕರೆಸಿ ಆ ಪಾಲಿನ ಗೋಡೆಯಲ್ಲಿ ಒಂದು ಬಾಗಿಲು ಹೊಡೆಸಿದೆ. ನಾನು ಹಾಕಿದ ಬಾಗಿಲನ್ನು ನಾನೇ ತೆಗೆಯಬೇಕು ಎಂದಿದ್ದವಳು ಆ ಬಾಗಿಲಿಗೆ ಚಿಲಕವನ್ನೇ ಇಡಿಸಲಿಲ್ಲ. ಅಲ್ಲಿಂದಾಚೆ ಎಲ್ಲಿಯವರೆಗೆ ನಮ್ಮ ಮನೆ, ಎಲ್ಲಿಂದ ಪುಟ್ಟಮ್ಮನದು ಎಂದು ಕೇಳಿದರೆ ಹೇಳುವುದು ಕಷ್ಟವಾಯಿತು.

ಆಮೇಲೆ ಎಂಬತ್ತರ ದಶಕ ಬಂತು. ಪರ್ಮಿಟ್ಟಿನ ತಾಪತ್ರಯ ಕಳೆದು ಸಿಮೆಂಟು ಅಂಗಡಿಯಲ್ಲೇ ಸಿಗತೊಡಗಿತು. ಬೆಲ್ಲದ ನೀರಿನ ಗಾರೆ ಮಾಡಿಸುತ್ತೇನೆಂದರೆ ಜನ ಬಾಯಿ ಚಪ್ಪರಿಸಿ ನಗುತ್ತಿದ್ದರು. ಹಳೇ ಮನೆ ಕೊಳ್ಳುವವರು ಮನೆ ನೋಡುವುದನ್ನು ಬಿಟ್ಟು ಸೈಟಿನ ಅಳತೆ ಮಾತ್ರ ಕೇಳತೊಡಗಿದರು. ಕೆಡವಿ ಮೋಲ್ಡ್ ಹಾಕುವುದಕ್ಕೆ ಗೋಡೆ ಯಾಕೆ ಕುಟ್ಟಬೇಕು. ಮರುಳಪ್ಪನವರು ತೀರಿಕೊಂಡರು. ಅವರ ಮಕ್ಕಳಿಗೆ ನನ್ನ ಕುಟ್ಟುವ ವಿದ್ಯೆ ಬೇಕಾಗಲಿಲ್ಲ. ಸ್ವಂತಕ್ಕೆ ಅಲ್ಲೊಂದು ಇಲ್ಲೊಂದು ಮನೆ ಎಬ್ಬಿಸುತ್ತ ಕಾಲ ಹಾಕಿದೆ. ಎಲ್ಲಿ ಹೋದರೂ ಮೊದಲು ಬಗ್ಗಿ ನೆಲ ಕುಟ್ಟುತ್ತಿದ್ದೆ, ಆಮೇಲೆ ಮನೆಯ ಹೆಂಗಸರನ್ನು ಮಾತಾಡಿಸುತ್ತಿದ್ದೆ. ಅಷ್ಟಾದರೂ ಕೆಲವು ಸಲ ಮೋಸ ಹೋದೆ.

ಪುಟ್ಟಮ್ಮ ಹೋಗಿ ಬಹಳ ಕಾಲವಾಯಿತು. ಅವರ ಎಡೆಯನ್ನೂ ಈಗ ಜಯಮ್ಮನೇ ಆ ಚಪ್ಪಡಿಯ ಮೇಲೆ ಇಡುತ್ತಾಳೆ. ಅವರ ಅರ್ಧ ಮನೆ ನಂಜುಂಡಪ್ಪನವರ ಮೊಮ್ಮಕ್ಕಳಿಗೆ ಹೋಯಿತು. ಬಿದರೆಹಳ್ಳಿ ಕಾವಲಿನಲ್ಲಿ ಕಾರ್ಖಾನೆ ಬಂದ ಮೇಲೆ ಗುಬ್ಬಿಯಲ್ಲಿ ಎಲ್ಲದಕ್ಕೂ ಬೆಲೆ ಬಂದಿದೆ. ಅವರು ಮಾರುತ್ತಾರಂತೆ. ಹೋದ ವಾರ ಒಬ್ಬ ಯುವಕ ನೋಡಲು ಬಂದ. ಕಿವಿಯಲ್ಲಿ ಫೋನು, ಕೈಯಲ್ಲಿ ಲೇಸರ್ ಬಿಡುವ ಅಳತೆಯ ಯಂತ್ರ. ಆ ಕಡೆ ಕೆಂಪು ಚುಕ್ಕೆ ಬಿಟ್ಟುಕೊಂಡು ಓಡಾಡಿ, ಚಿಲಕವಿಲ್ಲದ ಬಾಗಿಲು ತಳ್ಳಿ ನಮ್ಮ ಕಡೆ ಬಂದ. ಅಂಕಲ್, ಮೊದಲು ಆ ಒರಳುಕಲ್ಲು ಎತ್ತಿಸಬೇಕು, ನಾಳೆ ಆಳು ಕಳಿಸುತ್ತೇನೆ ಎಂದ.

ಅದರ ಕೆಳಗೆ ಹಗೇವಿನ ಕತ್ತು ಇನ್ನೂ ಹಾಗೇ ಇದೆ. ನಾವು ತುಂಬಿದ್ದು ನಮ್ಮ ಕಡೆಯ ಹೊಟ್ಟೆಯನ್ನು ಮಾತ್ರ. ಮಣ್ಣು ಆ ಕಡೆಗೆ ಎಷ್ಟು ಹೋಯಿತೋ, ಎಷ್ಟು ಟೊಳ್ಳು ಉಳಿಯಿತೋ ಯಾರಿಗೂ ತಿಳಿಯದು. ಇದನ್ನು ನೆಟ್ಟಗೆ ಹೇಳಬೇಕೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದೇ ಬೇರೆ.

"ಅಲ್ಲಿ ಮುನಿಯಪ್ಪ ಅವ್ನೆ ಕಣಪ್ಪ, ಎತ್ತಬ್ಯಾಡ," ಎಂದೆ.

ಅವನು ಯಂತ್ರ ನೋಡುತ್ತಲೇ ತಲೆಯಾಡಿಸಿದ. ನಾಗಪ್ಪನೂ ಓಡಾಡುತ್ತಾನೆ ಎಂದೆ. ಅವನ ತುಟಿಯಂಚಿನಲ್ಲಿ ನಗೆ ಮೂಡಿತು. ಅಲ್ಲಿ ಪುಟ್ಟಮ್ಮನ ಯಜಮಾನರು ಹೋದರು ಎಂದೆ. ಅವನು ಫೋನನ್ನು ಕಿವಿಯಿಂದ ತೆಗೆದು, ಅಂಕಲ್, ನಾಳೆ ಇನ್ಯಾರು ಬರ್ತಾರೆ ಎಂದು ನಕ್ಕೇಬಿಟ್ಟ.

ನನಗೆ ಸಿಟ್ಟು ಬರಲಿಲ್ಲ. ಒಳಗಿದ್ದ ಜಯಮ್ಮನನ್ನು ಕೂಗಿ, ಮಡಕೆಯಲ್ಲಿ ಒಂದು ದೀಪ ಹಚ್ಚಿ ತಾ, ಹಗ್ಗವನ್ನೂ ತಾ ಅಂದೆ. ಅವನನ್ನು ಎಡೆ ಇಡುವ ಚಪ್ಪಡಿಯ ಪಕ್ಕ ಕೂರಿಸಿ, ಆ ಕಲ್ಲು ಎತ್ತಿದರೆ ಆಳು ಇಳಿಯುವ ಮೊದಲು ಈ ದೀಪ ಇಳಿಯಬೇಕು ಎಂದು ಹಗೇವಿನ ಕಥೆ ಶುರು ಮಾಡಿದೆ.